ಕೊಡುವ ಕೈ ಅವರದೇ ಇರಲಿ

(ಮೈಸೂರಿನಲ್ಲಿ, ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುತ್ತಿರುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ನನಗೆ ಬರುವ ಫೋನುಗಳು ಹೆಚ್ಚುಕಡಿಮೆ ಒಂದೇ ಥರ ಶುರುವಾಗುತ್ತವೆ. "ಮೇಡಂ, ಅಮ್ಮನ್ನ ನಮ್ಮ ಹತ್ರ ಕರ್ಕೊಂಡು ಬರ್ತಿದ್ದೀವಿ. ಮುಂದಿನ ತಿಂಗಳು ಮನೆ ಖಾಲಿ ಮಾಡಿಸ್ಬೇಕು. ಹಳೇ ಸಾಮಾನು ತಗೊಳ್ಳೋರು ಯಾರಾದ್ರೂ ಗೊತ್ತಾ?" ನಾನು ಕೇಳುತ್ತೇನೆ: "ಅಮ್ಮ ಏನು ಹೇಳ್ತಾರೆ?" ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿರುವುದಿಲ್ಲ. ಆಮೇಲೆ, "ಅಮ್ಮಂಗೆ ಇನ್ನೂ ಸರಿಯಾಗಿ ಹೇಳಿಲ್ಲ" ಎಂದೋ, "ಅವರ ಕೈಲಿ ಇದೆಲ್ಲ ಆಗಲ್ಲ, ನಾವೇ ಮಾಡ್ತೀವಿ" ಎಂದೋ ಉತ್ತರ ಬರುತ್ತದೆ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಮೈಸೂರು, ಮಂಡ್ಯ ಎರಡೂ ಕಡೆಯ ಶಾಖೆಗಳಲ್ಲಿದ್ದೆ. ವಯಸ್ಸಾದವರ ಪಾಸ್‌ಬುಕ್ಕು, ಪಿಂಚಣಿ, ಲಾಕರು, ನಾಮಿನಿ ಇವೇ ನನ್ನ ದಿನದ ಕೆಲಸವಾಗಿದ್ದವು. ನಿವೃತ್ತಿಯಾದ ಮೇಲೂ ಆ ಪರಿಚಯಗಳು ಬಿಡಲಿಲ್ಲ. ಕಾಗದಪತ್ರ ಸರಿ ಮಾಡಿಕೊಡಿ ಎಂದು ಕರೆದವರ ಮನೆಗೆ ಹೋಗಿ, ಅಟ್ಟದ ಸಾಮಾನು ಇಳಿಸಿ ಮುಗಿಯುವವರೆಗೂ ಅಲ್ಲೇ ನಿಂತಿದ್ದುಂಟು. ನನ್ನ ತಾಯಿಯನ್ನೂ ಕೃಷ್ಣಮೂರ್ತಿಪುರದ ದೊಡ್ಡ ಮನೆಯಿಂದ ಬೋಗಾದಿ ಕಡೆಯ ಚಿಕ್ಕ ಮನೆಗೆ ಕರೆತಂದೆವು. ಇಷ್ಟೆಲ್ಲ ನೋಡಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವ ಮಾತು ಒಂದಿದೆ. ಮನೆ ಚಿಕ್ಕದಾದರೂ, ಸಾಮಾನು ಕಡಿಮೆಯಾದರೂ, ಊರೇ ಬದಲಾದರೂ ಹಿರಿಯರು ತಡೆದುಕೊಳ್ಳುತ್ತಾರೆ. ತಮ್ಮ ಮನೆಯ ಸಾಮಾನನ್ನು ಬೇರೆಯವರು ಹಂಚುವುದನ್ನು ಕುರ್ಚಿಯಲ್ಲಿ ಕೂತು ನೋಡುವುದನ್ನು ಮಾತ್ರ ತಡೆದುಕೊಳ್ಳಲಾರರು. ಬಂದವರಿಗೆ ಕಾಫಿ, ಹೋಗುವವರಿಗೆ ಅರಿಶಿನ ಕುಂಕುಮ, ಕೆಲಸದವರಿಗೆ ಹಬ್ಬದ ಸೀರೆ, ಮೊಮ್ಮಕ್ಕಳಿಗೆ ಕೈಗೆ ಕಾಸು, ಹೀಗೆ ಜೀವಮಾನವಿಡೀ ಕೊಟ್ಟ ಕೈ ಅದು. ಮನೆ ಬಿಡುವಾಗಲೂ ಆ ಕೈಯೇ ಕೊಡಬೇಕು. ಎತ್ತಿಕೊಡುವುದು, ಕಟ್ಟಿಕೊಡುವುದು, ಸಾಗಿಸುವುದು ಮಕ್ಕಳ ಕೆಲಸ.

ಮಾತು ಎತ್ತುವುದು ಹೇಗೆ ಎಂಬಲ್ಲಿಂದ ಶುರು ಮಾಡುತ್ತೇನೆ. ನಾನು ನೋಡಿದ ಸ್ಥಳಾಂತರಗಳಲ್ಲಿ ಬಹಳಷ್ಟು ಆಸ್ಪತ್ರೆಯ ಬಾಗಿಲಲ್ಲಿ ತೀರ್ಮಾನವಾದವು. ತಾಯಿ ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟದ ಆಪರೇಷನ್ ಆಗಿ, ಅಲ್ಲಿಂದ ನೇರ ಮಗನ ಮನೆಗೆ ಹೋಗುತ್ತಾರೆ. ಹಳೇ ಮನೆಗೆ ಬೀಗ ಬೀಳುತ್ತದೆ. ಒಲೆಯ ಮೇಲೆ ಇಟ್ಟ ಪಾತ್ರೆ, ಒಣಗಲು ಹಾಕಿದ ಸೀರೆ ಎಲ್ಲ ಅಲ್ಲೇ. ತಾನು ಆ ಮನೆ ಬಿಟ್ಟು ಹೊರಟೆ ಎಂದು ಆಕೆಗೆ ಅನ್ನಿಸುವುದಕ್ಕೇ ಅವಕಾಶವಿರುವುದಿಲ್ಲ. ಹಾಗಾಗಿ ಕಾಲು ಗಟ್ಟಿ ಇರುವಾಗಲೇ ಮಾತು ಶುರುವಾಗಲಿ. "ನೀನು ಇಲ್ಲಿ ಒಬ್ಬಳೇ ಇರೋದು ಬೇಡ" ಎಂದು ಶುರು ಮಾಡಿದರೆ ಅಲ್ಲಿಗೇ ಬಾಗಿಲು ಹಾಕಿಕೊಂಡಂತೆ. "ಈ ಮನೇಲಿ ಈಗ ಯಾವ ಕೆಲಸ ಕಷ್ಟ ಆಗ್ತಿದೆ?" ಎಂದು ಕೇಳಿ, ಸುಮ್ಮನೆ ಕೂತು ಕೇಳಿಸಿಕೊಳ್ಳಿ. ನನ್ನಮ್ಮ ಮಂಡಿ ನೋವಿನ ಸುದ್ದಿ ಎತ್ತಲಿಲ್ಲ. "ಬಚ್ಚಲು ಹಿತ್ತಲ ಕಡೆ ಇದೆ ಕಣೇ, ರಾತ್ರಿ ಹೊತ್ತು ಆ ಮೆಟ್ಟಿಲಿಳಿಯೋಕೆ ಭಯ ಆಗತ್ತೆ" ಎಂದರು. ಹೊಸ ಮನೆ ಹುಡುಕುವಾಗ ನಾವು ಮೊದಲು ನೋಡಿದ್ದೇ ಅದನ್ನು. ಮಂಚದಿಂದ ಬಚ್ಚಲಿಗೆ ಎಷ್ಟು ಹೆಜ್ಜೆ, ನಡುವೆ ಮೆಟ್ಟಿಲಿದೆಯೇ? ಕಾರಣ ಅವರ ಬಾಯಿಂದ ಬಂದದ್ದರಿಂದ ಮನೆಯನ್ನು ಆರಿಸಿದವರೂ ಅವರೇ ಆದರು.

ಇಲ್ಲಿ ಒಬ್ಬರು ಈಗಷ್ಟೇ ಕೇಳಿದರು, ಅಪ್ಪ ಒಪ್ಪುವುದೇ ಇಲ್ಲ, ಏನು ಮಾಡುವುದು ಎಂದು. ಬುದ್ಧಿ ಸ್ವಾಧೀನದಲ್ಲಿರುವ ತಂದೆ ಬೇಡ ಎಂದರೆ ಬೇಡ. ಆಗ ನಮ್ಮ ಕೆಲಸ ಆ ಹಳೇ ಮನೆಯನ್ನೇ ಭದ್ರ ಮಾಡಿಕೊಡುವುದು. ಬಚ್ಚಲಿಗೆ ಹಿಡಿ, ಮೆಟ್ಟಿಲಿಗೆ ದೀಪ, ಅಡುಗೆಗೊಬ್ಬರು, ದಿನಕ್ಕೆರಡು ಫೋನು. ಅದರ ಜೊತೆಗೆ ಒಂದು ಬಾಗಿಲು ತೆರೆದಿಡಿ: ಮಳೆಗಾಲ ಮುಗಿಯುವವರೆಗೆ ನಮ್ಮಲ್ಲಿದ್ದು ನೋಡಿ, ಮನೆ ಹಾಗೇ ಇರುತ್ತೆ, ಬೀಗದ ಕೈ ನಿಮ್ಮ ಹತ್ರಾನೇ ಇರಲಿ, ಎಂದು. ಹಿಂತಿರುಗುವ ದಾರಿ ಇದೆ ಎಂದು ಗೊತ್ತಿದ್ದವರು ಹೆಚ್ಚು ನಿರಾಳವಾಗಿ ಹೊರಡುತ್ತಾರೆ. ಮರೆವಿನ ಕಾಯಿಲೆ ಇರುವವರ ವಿಷಯ ಬೇರೆ. ಅವರಿಗೆ ಇಡೀ ಮನೆಯ ಪ್ರಶ್ನೆ ಒಮ್ಮೆಲೇ ಒಡ್ಡಬಾರದು. ಎರಡು ಶಾಲು ತೋರಿಸಿ ಯಾವುದು ಬೇಕು ಎಂದು ಕೇಳಬಹುದು. ಅಷ್ಟು ಆಯ್ಕೆಯಾದರೂ ಅವರಿಗೆ ಉಳಿಯಬೇಕು.

ದಿನ ಗೊತ್ತು ಮಾಡುವುದು ಚಿಕ್ಕ ವಿಷಯ ಅನ್ನಿಸಬಹುದು. ಮಕ್ಕಳಿಗೆ ಎರಡನೇ ಶನಿವಾರ ಬೇಕು, ಪ್ಯಾಕರ್ಸ್‌ನವರಿಗೆ ತಿಂಗಳ ಕೊನೆ ಬೇಡ. ಅಮ್ಮ ಒಂಟಿಕೊಪ್ಪಲ್ ಪಂಚಾಂಗ ತೆಗೆದು ಆಷಾಢ ಕಳೆಯಲಿ ಅನ್ನುತ್ತಾರೆ. ಅವರು ಹೇಳಿದ ದಿನವೇ ಹೊರಡಿ. ಹಾಲು ಉಕ್ಕಿಸುವ ಪಾತ್ರೆ ಯಾವುದು ಎಂದು ಅವರೇ ಹೇಳಲಿ. ಆಷಾಢ ಕಳೆಯುವವರೆಗಿನ ಸಮಯವೂ ವ್ಯರ್ಥವಲ್ಲ. ಸಾಮಾನು ವಿಂಗಡಿಸಲು ಅಷ್ಟು ಸಮಯ ಬೇಕೇ ಬೇಕು.

ವಿಂಗಡಿಸುವ ಮುಂಚೆ ಟೇಪು ಹಿಡಿದು ಹೊಸ ಮನೆಯನ್ನು ಅಳೆಯಿರಿ. ಮಂಚ ಎಲ್ಲಿ, ಬೀರು ಎಲ್ಲಿ, ಅಡುಗೆಮನೆಯ ಶೆಲ್ಫು ಎಷ್ಟುದ್ದ ಎಂದು ಒಂದು ಹಾಳೆಯಲ್ಲಿ ಬರೆದು ಅಪ್ಪ ಅಮ್ಮನ ಮುಂದಿಡಿ. "ಇದನ್ನ ಬಿಸಾಕು" ಎಂದು ನಾವು ಹೇಳುವುದಕ್ಕಿಂತ "ಇಷ್ಟು ಜಾಗ ಇದೆ, ಏನು ತಗೊಂಡು ಹೋಗೋಣ?" ಎಂದು ಕೇಳುವುದರಲ್ಲಿ ಗೌರವವಿದೆ. ಶುರು ಮಾಡುವುದು ದೇವರ ಮನೆಯಿಂದಲ್ಲ, ಫೋಟೋ ಪೆಟ್ಟಿಗೆಯಿಂದಂತೂ ಅಲ್ಲವೇ ಅಲ್ಲ. ಆಲ್ಬಂ ತೆಗೆದರೆ ಆ ದಿನ ಮುಗಿಯಿತು. ಬಚ್ಚಲ ಕಡೆಯಿಂದ, ಮಹಡಿ ಮೆಟ್ಟಿಲ ಕೆಳಗಿನ ಗೂಡಿನಿಂದ ಶುರು ಮಾಡಿ. ತುಕ್ಕು ಹಿಡಿದ ಬಕೆಟ್ಟು, ಕಾಲು ಮುರಿದ ಸ್ಟೂಲು, ಅವಧಿ ಮುಗಿದ ಮಾತ್ರೆ, ಯಾವುದೋ ಬೀಗದ ಕೈಗೊಂಚಲು, ಇವುಗಳ ಮೇಲೆ ಯಾರಿಗೂ ಮಮತೆಯಿಲ್ಲ. ಬೇಗ ಹೋಗುತ್ತವೆ, ಕೆಲಸ ಸಾಗುತ್ತಿದೆ ಎಂಬ ಧೈರ್ಯ ಬರುತ್ತದೆ. ಬೆಳಿಗ್ಗೆ ತಿಂಡಿಯಾದ ಮೇಲೆ ಎರಡು ಗಂಟೆ ಸಾಕು. ಮಧ್ಯಾಹ್ನ ಊಟದ ನಂತರ ದಣಿದವರ ಕೈಲಿ ತೀರ್ಮಾನ ಮಾಡಿಸಬೇಡಿ. ಅವರು ಮಲಗಿರುವಾಗ ಗುಜರಿಯವನನ್ನು ಕರೆಸಲೇಬೇಡಿ. ಒಂದು ಹರಕು ಚೀಲ ಅವರಿಗೆ ಗೊತ್ತಿಲ್ಲದೆ ಹೋದರೂ, ಆಮೇಲೆ ಕಾಣದಿದ್ದ ಪ್ರತಿಯೊಂದಕ್ಕೂ "ನೀವೇ ಎಲ್ಲೋ ಕೊಟ್ಟಿದ್ದೀರಿ" ಎಂಬ ಅನುಮಾನ ಮನೆಯಲ್ಲಿ ಉಳಿದುಬಿಡುತ್ತದೆ.

ಈಗ ನನ್ನಮ್ಮನ ದಸರಾ ಬೊಂಬೆ ಪೆಟ್ಟಿಗೆಗಳ ವಿಷಯ ಹೇಳಬೇಕು. ಮೈಸೂರಿನ ಹಳೇ ಮನೆಗಳಲ್ಲಿ ಇದು ಇದ್ದೇ ಇರುತ್ತದೆ; ಇಲ್ಲಿ ತಲೆಯಾಡಿಸುತ್ತಿರುವವರಿಗೆ ಗೊತ್ತು. ಅಟ್ಟದಿಂದ ಕಬ್ಬಿಣದ ಟ್ರಂಕುಗಳನ್ನು ಇಳಿಸಿದೆವು. ಪ್ರತಿ ಬೊಂಬೆಗೂ ಹಳೇ ಪಂಚೆಯ ತುಂಡೋ, ಹತ್ತಿ ಸೀರೆಯ ತುಂಡೋ ಸುತ್ತಿದೆ. ನಡುನಡುವೆ ಒಣಗಿ ಪುಡಿಯಾದ ಬೇವಿನೆಲೆ. ಹೊಸ ಮನೆಯಲ್ಲಿ ಒಂಬತ್ತು ಮೆಟ್ಟಿಲು ಕಟ್ಟುವುದಿರಲಿ, ಮೂರು ಮೆಟ್ಟಿಲಿಗೂ ಗೋಡೆ ಸಾಲದು. ನನ್ನ ತಮ್ಮ, "ಫೋಟೋ ತೆಗೆದಿಟ್ಕೊಂಡು ಯಾವುದಾದರೂ ಮ್ಯೂಸಿಯಂಗೆ ಕೊಡೋಣ" ಎಂದ. ಅಮ್ಮ ಏನೂ ಹೇಳದೆ ಚಾಪೆ ಹಾಸಿ ಕೂತು, ಒಂದೊಂದನ್ನೇ ಬಿಚ್ಚತೊಡಗಿದರು. ಬಿಚ್ಚಿದ ಬಟ್ಟೆಯನ್ನು ಮಡಿಸಿ ಎಡಕ್ಕೆ, ಬೊಂಬೆ ಬಲಕ್ಕೆ. ಮದುವೆಯಲ್ಲಿ ತವರಿನಿಂದ ಬಂದ ರಾಜ-ರಾಣಿಯರ ಪಟ್ಟದ ಬೊಂಬೆ ಕೈಗೆ ಬಂದಾಗ ರಾಣಿಯ ಜರಿ ಸೀರೆಯ ಅಂಚನ್ನು ಬೆರಳಲ್ಲಿ ನೀವಿ, "ಇದು ಜೊತೆಗೆ ಬರತ್ತೆ" ಎಂದರು. ಮಿಕ್ಕದ್ದಕ್ಕೆಲ್ಲ ಅವರ ಮನಸ್ಸಿನಲ್ಲಿ ಮೊದಲೇ ಹೆಸರುಗಳಿದ್ದವು, ನಮಗೆ ಗೊತ್ತಿರಲಿಲ್ಲ ಅಷ್ಟೇ.

ಜಂಬೂಸವಾರಿಯ ಆನೆ ಸಾಲು ಎದುರುಮನೆಯ ಹುಡುಗಿಗೆ. ಅವಳೀಗ ಎರಡು ಮಕ್ಕಳ ತಾಯಿ. ಚಿಕ್ಕವಳಿದ್ದಾಗ ಪ್ರತಿ ಸಂಜೆ ಬೊಂಬೆ ಬಾಗಿಣಕ್ಕೆ, ಅಂದರೆ ಬೊಂಬೆ ನೋಡಲು ಬಂದ ಮಕ್ಕಳಿಗೆ ಕೊಡುವ ತಿಂಡಿಗೆ, ಮೊದಲು ಬರುತ್ತಿದ್ದವಳು, ಆನೆಗಳ ಮುಂದೆಯೇ ಕೂರುತ್ತಿದ್ದವಳು. ಶೆಟ್ಟಿ ದಂಪತಿಯ ಅಂಗಡಿ ಬೊಂಬೆ, ಅದರ ಮುಂದಿನ ಪುಟ್ಟ ತಕ್ಕಡಿ ಸಮೇತ, ನನ್ನ ಸೋದರತ್ತಿಗೆಗೆ. ಮಣ್ಣಿನ ದಶಾವತಾರದಲ್ಲಿ ಒಂದು ಮೂರ್ತಿಯ ಕೈ ಮುರಿದಿತ್ತು, ಅದನ್ನು ಯಾರಿಗೂ ಕೊಡಬಾರದು ಎಂದು ಬೇರೆ ಇಟ್ಟರು. ಒಬ್ಬೊಬ್ಬರನ್ನೂ ಮನೆಗೆ ಕರೆಸಿ, ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ತಾವೇ ಕೊಟ್ಟರು. ಎದುರುಮನೆಯ ಹುಡುಗಿ ಅಲ್ಲೇ ನಿಂತು ಅತ್ತಳು. ಅಮ್ಮ ಅಳಲಿಲ್ಲ. ಬೊಂಬೆಗೆ ಬಟ್ಟೆ ಸುತ್ತುವುದು ಹೇಗೆ, ಯಾವ ತಿಂಗಳು ಬಿಸಿಲಿಗೆ ಇಡಬೇಕು ಎಂದು ಹೇಳಿಕೊಡುವುದರಲ್ಲಿ ಮುಳುಗಿದ್ದರು. ಮ್ಯೂಸಿಯಂಗೆ ಕೊಟ್ಟಿದ್ದರೆ ಆ ಬೊಂಬೆಗಳು ಹಾಳಾಗದೆ ಉಳಿಯುತ್ತಿದ್ದವು, ನಿಜ. ಆದರೆ ಯಾವ ಬೊಂಬೆ ಯಾವ ಮಗುವಿನದು ಎಂಬುದು ಅವರೊಬ್ಬರಿಗೇ ಗೊತ್ತಿತ್ತು. ಈ ಕೆಲಸಕ್ಕೆ ತಿಂಗಳುಗಟ್ಟಲೆ ಹಿಡಿಯಿತು, ಹಿಡಿಯಲೇಬೇಕಿತ್ತು.

ಮಂಡ್ಯದಲ್ಲಿ ನನ್ನ ಜೊತೆ ಕೆಲಸ ಮಾಡಿದ ಗೆಳತಿಯೊಬ್ಬಳ ಅತ್ತೆ, ನಾಲೆ ಬಯಲಿನ ಒಂದು ಹಳ್ಳಿಯವರು. ತೊಟ್ಟಿಮನೆ, ಮಗ್ಗುಲಲ್ಲೇ ಕೊಟ್ಟಿಗೆ. ಮೈಸೂರಿನಲ್ಲಿ ಮಗನ ಮನೆ ಮೇಲಿನ ಮಹಡಿಯಲ್ಲಿದೆ ಎಂದು ಅವರಿಗಾಗಿಯೇ ಕೆಳಮನೆಗೆ ಬದಲಾಯಿಸಿದ್ದರು. "ಸಾಮಾನೆಲ್ಲ ಇಲ್ಲೇ ಇರ್ಲಿ ಅವ್ವ, ಆಮೇಲ್ ನೋಡಾಣ" ಎಂದು ಮಗ ಹೇಳಿದರೆ, "ಆಮೇಲಂದ್ರೆ ಯಾವಾಗ್ಲಾ? ನಾ ಸತ್ ಮ್ಯಾಲ್ ಕೊಡದ್ಯಾಕೆ, ನನ್ ಕೈಯಾರೆ ಕೊಟ್ಟೇ ಬತ್ತೀನಿ ಕಣ್ ಮಗ" ಎಂದರಂತೆ. ನೀರು ಕಾಯಿಸುವ ತಾಮ್ರದ ಹಂಡೆ ದೊಡ್ಡ ಮಗಳಿಗೆ, ಕಂಚಿನ ಗಂಗಾಳ ತನ್ನ ಜೊತೆ ನಾಟಿಗೂ ಕಳೆಗೂ ಬರುತ್ತಿದ್ದ ಜೊತೆಗಾತಿಗೆ. ಸೀಮೆಹಸು ಯಾರಿಗೆ ಎನ್ನುವುದಕ್ಕೆ ಮಾತ್ರ ಬಹಳ ಯೋಚಿಸಿದರು. ಹೆಚ್ಚು ದುಡ್ಡು ಕೊಡುತ್ತೇನೆ ಎಂದವರಿಗೆ ಕೊಡದೆ, ಹಸುವನ್ನು ಹೊಡೆಯದ ಮನೆಗೆ ಕೊಟ್ಟರು. ತಾವು ತಂದದ್ದು ಬಟ್ಟೆ, ಒಂದು ಮಣೆ, ಮುದ್ದೆ ಕೋಲು. ಸೊಸೆಯ ಅಡುಗೆಮನೆಯಲ್ಲಿ ಆ ಕೋಲಿಗೆ ಈಗ ಒಂದು ಮೊಳೆ ಇದೆ, ಸಂಜೆಯ ಮುದ್ದೆ ಅತ್ತೆಯದೇ.

ಹೀಗೆ ಹಳೇ ಸಾಮಾನಿನ ಮಾತು ಬಂದಾಗ ಸ್ವಲ್ಪ ದಾರಿ ಬಿಟ್ಟು ಒಂದು ವಿಷಯ ಹೇಳಲೇಬೇಕು. ಅಟ್ಟದಲ್ಲಿ ತಾಳೆಗರಿಯ ಕಟ್ಟು, ಕೈಬರಹದ ಕಡತ, ಹಳೇ ಬಹಿಖಾತೆ ಸಿಕ್ಕರೆ ದಯವಿಟ್ಟು ರದ್ದಿಗೆ ಹಾಕಬೇಡಿ. ನಮ್ಮ ಊರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಲ್ಲಿ ಶುರುವಾದದ್ದು. ಅಲ್ಲಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದು ಕೊಟ್ಟ ಗರಿಗಳಲ್ಲೇ ಕೌಟಿಲ್ಯನ ಅರ್ಥಶಾಸ್ತ್ರ ಇತ್ತು. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಶತಮಾನಗಳಿಂದ ಕಳೆದೇ ಹೋಗಿದೆ ಎಂದುಕೊಂಡಿದ್ದ ಗ್ರಂಥ, ಯಾರೋ ಒಬ್ಬರು ತಮ್ಮಲ್ಲಿದ್ದ ಕಟ್ಟನ್ನು ಒಲೆಗೆ ಹಾಕದೆ ಕೈಯಾರೆ ತಂದು ಕೊಟ್ಟದ್ದರಿಂದ ಲೋಕಕ್ಕೆ ಸಿಕ್ಕಿತು. 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ, 100 ವರ್ಷ ದಾಟಿದ ವಿಗ್ರಹ, ಕಲಾವಸ್ತು ಇವು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ದೇಶದಾಚೆ ಕಳಿಸುವಂತಿಲ್ಲ. ಒನಕೆ, ಬೀಸುವ ಕಲ್ಲು, ಕೊಳಗ, ಸೇರುಗಳಂಥವನ್ನೂ ಒಮ್ಮೆಲೇ ತೂಕಕ್ಕೆ ಹಾಕಬೇಡಿ. ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯದಲ್ಲಿರುವುದು ಇಂಥ ಮನೆಗಳಿಂದ ಬಂದ ಇಂಥ ಸಾಮಾನೇ. ಬೀಟೆಮರದ ಕುರ್ಚಿ, ಮಂಚ ಇದ್ದರೆ ಬಾಗಿಲಿಗೆ ಬಂದ ಮೊದಲ ವ್ಯಾಪಾರಿ ಹೇಳಿದ ಬೆಲೆಗೆ ಒಪ್ಪಬೇಡಿ. ಮರದ ಕೆಲಸ ಬಲ್ಲ ಇಬ್ಬರಿಗಾದರೂ ತೋರಿಸಿ.

ಇನ್ನು ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಹಿರಿಯರ ಮನೆ ಖಾಲಿ ಮಾಡುವಾಗ ದುಡ್ಡು ಸಿಗುತ್ತದೆ, ಸಿಗದ ಮನೆಯೇ ಅಪರೂಪ. ಅಕ್ಕಿ ಡಬ್ಬದ ತಳ, ಸೀರೆಯ ಮಡಿಕೆ, ಪಂಚಾಂಗದ ನಡುವೆ, ದೇವರ ಫೋಟೋದ ಹಿಂಬದಿಯ ರಟ್ಟು, ದಿಂಬಿನ ಗವಸು. ಹಾಗಾಗಿ ಒಂದು ಸೀರೆಯನ್ನೂ ಬಿಡಿಸಿ ನೋಡದೆ ಕೊಡಬೇಡಿ. 2016ರ ನವೆಂಬರ್ 8ರಂದು ರದ್ದಾದ ಹಳೇ 500, 1000ದ ನೋಟು ಕಂತೆ ಸಿಕ್ಕರೆ ಅದಕ್ಕೆ ಈಗ ಬೆಲೆಯಿಲ್ಲ. ಅಷ್ಟೇ ಅಲ್ಲ, 2017ರ ಕಾನೂನಿನ ಪ್ರಕಾರ ಅಂಥ ಹತ್ತಕ್ಕಿಂತ ಹೆಚ್ಚು ನೋಟುಗಳನ್ನು ಇಟ್ಟುಕೊಳ್ಳುವುದೇ ತಪ್ಪು, ದಂಡ ಇದೆ. ಬದಲಾಯಿಸಿಕೊಡುತ್ತೇವೆ ಎಂದು ಬರುವವರನ್ನು ಹತ್ತಿರ ಸೇರಿಸಬೇಡಿ, ಅದು ಮೋಸ. ಆದರೆ 2000ದ ನೋಟಿನ ಕಥೆ ಬೇರೆ. ರಿಸರ್ವ್ ಬ್ಯಾಂಕು 2023ರ ಮೇ 19ರಂದು ಅದನ್ನು ಚಲಾವಣೆಯಿಂದ ಹಿಂದಕ್ಕೆ ಪಡೆಯುವುದಾಗಿ ಹೇಳಿತು, ರದ್ದು ಮಾಡಲಿಲ್ಲ. ನಮ್ಮ ಬ್ಯಾಂಕು ಶಾಖೆಗಳಲ್ಲಿ ತೆಗೆದುಕೊಳ್ಳುವುದು ನಿಂತಿದೆ. ಬೆಂಗಳೂರಿನ ರಿಸರ್ವ್ ಬ್ಯಾಂಕ್ ಕಚೇರಿಯಲ್ಲಿ ಕೊಡಬಹುದು, ಅಂಚೆಯ ಮೂಲಕ ಕಳಿಸಿ ಖಾತೆಗೆ ಜಮಾ ಮಾಡಿಸಿಕೊಳ್ಳುವ ದಾರಿಯೂ ಇದೆ. ಒಂದು ಮನೆಯಲ್ಲಿ ಅಜ್ಜಿ ತನ್ನ ತಿಥಿಯ ಖರ್ಚಿಗೆಂದು ಕೂಡಿಟ್ಟಿದ್ದು ಪೂರ್ತಿ ಹಳೇ ಸಾವಿರದ ನೋಟು. ಮಕ್ಕಳು ನಗಲಿಲ್ಲ, ಬೈಯಲಿಲ್ಲ, ಅಷ್ಟೇ ದುಡ್ಡನ್ನು ಅಜ್ಜಿಯ ಹೆಸರಿಗೆ ಹಾಕಿದರು. ಅಂಥ ಮಕ್ಕಳನ್ನು ನೋಡಿದಾಗ ನನಗೆ ಮನಸ್ಸು ತುಂಬಿ ಬರುತ್ತದೆ.

ಪಾಸ್‌ಬುಕ್ಕುಗಳನ್ನು ಹಳೆಯದು ಎಂದು ಎಸೆಯುವುದು ನೋಡಿದರೆ ಸಂಕಟವಾಗುತ್ತದೆ. ಹತ್ತು ವರ್ಷ ವ್ಯವಹಾರವಿಲ್ಲದೆ ಬಿದ್ದ ಠೇವಣಿಯನ್ನು ಬ್ಯಾಂಕು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ವರ್ಗಾಯಿಸುತ್ತದೆ. ಆದರೆ ದುಡ್ಡಿನ ಮೇಲಿನ ಹಕ್ಕು ಹೋಗುವುದಿಲ್ಲ. ಖಾತೆದಾರರೋ ವಾರಸುದಾರರೋ ಅದೇ ಬ್ಯಾಂಕಿನಲ್ಲಿ ಕೇಳಿ ಪಡೆಯಬಹುದು. ಯಾವ ಬ್ಯಾಂಕಿನಲ್ಲಿ ಏನಿದೆ ಎಂದು ಹೆಸರು ಹಾಕಿ ಹುಡುಕಲು 2023ರ ಆಗಸ್ಟ್‌ನಿಂದ ಉದ್ಗಮ್ ಎಂಬ ಜಾಲತಾಣವಿದೆ. ಅಂಚೆ ಕಚೇರಿಯ ಕಿಸಾನ್ ವಿಕಾಸ ಪತ್ರ, ಎಲ್‌ಐಸಿ ಬಾಂಡು, ಕಾಗದದ ರೂಪದ ಷೇರು ಪತ್ರ, ಸೊಸೈಟಿಯ ಷೇರು ರಸೀದಿ, ಎಲ್ಲವನ್ನೂ ಒಂದೇ ಫೈಲಿಗೆ ಹಾಕಿ. ಆ ಫೈಲು ಅಪ್ಪ ಅಮ್ಮನ ಬೀರುವಿನಲ್ಲೇ ಇರಲಿ, ಮಗನ ಬ್ಯಾಗಿನಲ್ಲಿ ಬೇಡ. ನಕಲು ಬೇಕಾದರೆ ನೀವು ತೆಗೆದಿಟ್ಟುಕೊಳ್ಳಿ. ಮನೆ ಬದಲಾದ ತಕ್ಷಣ ಪಿಂಚಣಿ ಖಾತೆಯನ್ನೂ ಹೊಸ ಬಡಾವಣೆಯ ಶಾಖೆಗೆ ಎಳೆದು ತರಬೇಕಾಗಿಲ್ಲ. ನವೆಂಬರಿನ ಜೀವಂತ ಪ್ರಮಾಣಪತ್ರವನ್ನು 2014ರಿಂದ ಜೀವನ್ ಪ್ರಮಾಣ್ ಎಂಬ ಡಿಜಿಟಲ್ ವ್ಯವಸ್ಥೆಯ ಮೂಲಕ ಎಲ್ಲಿಂದ ಬೇಕಾದರೂ ಕೊಡಬಹುದು, ಮೊಬೈಲಿನಲ್ಲಿ ಮುಖ ತೋರಿಸಿದರೂ ಆಗುತ್ತದೆ, ಸ್ವಲ್ಪ ಶುಲ್ಕ ಕೊಟ್ಟರೆ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುತ್ತಾರೆ. 80 ದಾಟಿದ ಕೇಂದ್ರ ಸರ್ಕಾರದ ಪಿಂಚಣಿದಾರರು ಅಕ್ಟೋಬರ್ 1ರಿಂದಲೇ ಕೊಡಬಹುದು. ಹಳೇ ಶಾಖೆಯ ಪರಿಚಯದ ಮುಖಗಳು ಅವರಿಗೆ ಬೇಕಿದ್ದರೆ ಖಾತೆ ಅಲ್ಲೇ ಇರಲಿ.

ಪಡಿತರ ಚೀಟಿಯಲ್ಲಿ ಹುಷಾರಾಗಿರಿ. ಗೃಹಲಕ್ಷ್ಮಿ ಯೋಜನೆಗೆ 2023ರ ಆಗಸ್ಟ್ 30ರಂದು ನಮ್ಮ ಮೈಸೂರಿನಲ್ಲೇ ಚಾಲನೆ ಕೊಟ್ಟರು, ನೆನಪಿರಬಹುದು. ತಿಂಗಳ 2,000 ಬರುವುದು ಚೀಟಿಯಲ್ಲಿ ಯಜಮಾನಿ ಎಂದು ಇರುವವರಿಗೆ. ಅಮ್ಮನ ಚೀಟಿ ರದ್ದು ಮಾಡಿಸಿ ಮಗನ ಚೀಟಿಗೆ ಹೆಸರು ಸೇರಿಸಿದರೆ ಅಲ್ಲಿ ಯಜಮಾನಿ ಬೇರೆಯವರಿರಬಹುದು. ತನ್ನದು ಎಂದು ಬರುತ್ತಿದ್ದ ದುಡ್ಡು ನಿಂತರೆ ಆಕೆಗೆ ಅದು 2,000ದ ಪ್ರಶ್ನೆ ಮಾತ್ರ ಆಗಿರುವುದಿಲ್ಲ. ಮೊದಲು ಆಹಾರ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಆಮೇಲೆ ಕೈ ಹಾಕಿ. ಸಂಧ್ಯಾ ಸುರಕ್ಷಾ ಪಿಂಚಣಿ ಬರುತ್ತಿದ್ದರೆ ವಿಳಾಸ ಬದಲಾದುದನ್ನು ನಾಡಕಚೇರಿಗೆ ತಿಳಿಸಿ. ಉಚಿತ ವಿದ್ಯುತ್ತಿನ ಗೃಹಜ್ಯೋತಿಗೆ ಹಳೇ ಮನೆಯ ವಿದ್ಯುತ್ ಸಂಪರ್ಕದ ಆರ್‌.ಆರ್‌. ನಂಬರ್ ಜೋಡಿಸಿದ್ದರೆ ಅದನ್ನು ಬಿಡಿಸಿ ಹೊಸ ಮನೆಯದನ್ನು ಸೇರಿಸಬೇಕು. ಗ್ಯಾಸು, ಆಧಾರ್, ಮತದಾರರ ಪಟ್ಟಿಗೆ ನಮೂನೆ 8, ಇವೆಲ್ಲ ನಿಮಗೆ ಗೊತ್ತಿರುವುದೇ.

ಹಳೇ ಮನೆಯನ್ನು ಏನು ಮಾಡುವುದು ಎಂಬುದನ್ನು ಸ್ಥಳಾಂತರದ ಗಡಿಬಿಡಿಯಲ್ಲಿ ತೀರ್ಮಾನಿಸಬೇಡಿ. ನಾನು ಇದನ್ನು ಕೈ ಮುಗಿದು ಕೇಳಿಕೊಳ್ಳುತ್ತೇನೆ. ಮಂಡ್ಯ ಕಡೆಯ ಎಷ್ಟೋ ಹಳ್ಳಿಮನೆಗಳು ಇನ್ನೂ ತಾತನ ಹೆಸರಿನಲ್ಲೇ ಇವೆ; ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗದೆ ಮಾರುವುದಕ್ಕೂ ಆಗುವುದಿಲ್ಲ, ಭಾಗಕ್ಕೂ ಆಗುವುದಿಲ್ಲ. ಮೈಸೂರು ನಗರದಲ್ಲಾದರೆ ಇ-ಖಾತೆ, ಕಂದಾಯ ರಸೀದಿ, ಋಣಭಾರ ಪತ್ರ ಸರಿ ಇವೆಯೇ ನೋಡಿಕೊಳ್ಳಿ. ಇದಕ್ಕಿಂತ ಮುಖ್ಯವಾದ ಮಾತು ಹೇಳುತ್ತೇನೆ. ಮಗನ ಮನೆಗೆ ಹೋಗುವ ಹೊತ್ತಿನಲ್ಲೇ ತಾಯಿಯಿಂದ ದಾನಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದನ್ನು ನೋಡಿದ್ದೇನೆ. ಕೊಡಬೇಕೆಂಬ ಆಸೆ ಅವರದೇ ಆದರೂ, ವಿಲ್ ಬರೆದರೆ ಬದುಕಿರುವವರೆಗೆ ಆಸ್ತಿ ಅವರ ಹೆಸರಲ್ಲೇ ಉಳಿಯುತ್ತದೆ, ಮನಸ್ಸು ಬದಲಾದರೆ ಬದಲಾಯಿಸಲೂಬಹುದು. ದಾನಪತ್ರವೇ ಬೇಕು ಎನ್ನುವುದಾದರೆ, ನನ್ನನ್ನು ನೋಡಿಕೊಳ್ಳಬೇಕು ಎಂಬ ಷರತ್ತು ಆ ಪತ್ರದಲ್ಲೇ ಬರೆದಿರಲಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮು ಇರುವುದೇ ಇದಕ್ಕೆ: ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದಿದ್ದರೆ ಆ ವರ್ಗಾವಣೆಯನ್ನೇ ರದ್ದು ಮಾಡಿಸಬಹುದು. ಅರ್ಜಿ ಹಾಕಬೇಕಾದದ್ದು ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಯಲ್ಲಿ. ಒಳ್ಳೆಯ ಮಕ್ಕಳಿಗೆ ಈ ಷರತ್ತಿನಿಂದ ಯಾವ ತೊಂದರೆಯೂ ಇಲ್ಲ. ನೀವೇ ಮುಂದಾಗಿ ಬರೆಸಿ.

ಹೊಸ ಮನೆಯೊಳಗೆ ಬರೋಣ. ನಮ್ಮ ಹಳೇ ಮನೆಗಳಲ್ಲಿ ಕೆಂಪು ಗಾರೆಯ ನೆಲವೋ ಕಡಪ ಕಲ್ಲೋ ಇರುತ್ತಿತ್ತು. ಎಲ್ಲಿ ಹೊಸ್ತಿಲು, ಎಲ್ಲಿ ತಗ್ಗು ಎಂದು ಕಾಲಿಗೇ ಗೊತ್ತಿತ್ತು. ಹೊಸ ಮನೆಗಳ ಹೊಳೆಯುವ ಟೈಲ್ಸು ಬೇರೆ. ನೀರು ಬಿದ್ದದ್ದು ಕಾಣುವುದಿಲ್ಲ, ಬಚ್ಚಲಿನ ತಗ್ಗು ಕೋಣೆಯ ನೆಲದ ಬಣ್ಣದಲ್ಲೇ ಇದ್ದು ಮೆಟ್ಟಿಲೇ ಕಾಣುವುದಿಲ್ಲ. ಆ ಅಂಚಿಗೆ ಬೇರೆ ಬಣ್ಣದ ಪಟ್ಟಿ ಅಂಟಿಸಿ. ಕಮೋಡಿನ ಪಕ್ಕ ಗೋಡೆಗೆ ಭದ್ರವಾಗಿ ಕೂರಿಸಿದ ಸ್ಟೀಲಿನ ಹಿಡಿ ಬೇಕು. ಟವೆಲ್ ಹಾಕುವ ಕಂಬಿ ಮನುಷ್ಯರ ಭಾರ ತಡೆಯುವುದಿಲ್ಲ. ಮಂಚದ ಮೇಲೆ ಕೂತಾಗ ಎರಡೂ ಪಾದ ನೆಲ ಮುಟ್ಟಬೇಕು. ಹಳೇ ಮನೆಯಲ್ಲಿ ಮಂಚದ ಯಾವ ಮಗ್ಗುಲಿಂದ ಇಳಿಯುತ್ತಿದ್ದರೋ ಇಲ್ಲಿಯೂ ಅದೇ ಮಗ್ಗುಲು ಖಾಲಿ ಇರಲಿ, ಸಾಧ್ಯವಾದರೆ ಬಚ್ಚಲೂ ಅದೇ ಕಡೆಗೆ. ನಡುರಾತ್ರಿ ಅರೆನಿದ್ದೆಯಲ್ಲಿ ಎದ್ದವರು ಹಳೇ ಮನೆಯ ದಿಕ್ಕಿಗೇ ಹೊರಡುತ್ತಾರೆ, ಅಲ್ಲಿ ಗೋಡೆ ಇರುತ್ತದೆ.

ಸಾಮಾನು ಕಟ್ಟುವ ಮುಂಚೆ ಅಡುಗೆಮನೆಯ ಪ್ರತಿ ಗೂಡಿನ, ದೇವರ ಮಂಟಪದ, ಹಾಸಿಗೆ ಪಕ್ಕದ ಸ್ಟೂಲಿನ ಫೋಟೋ ತೆಗೆದಿಟ್ಟುಕೊಳ್ಳಿ. ಹೊಸ ಮನೆಯಲ್ಲಿ ಅದನ್ನೇ ನೋಡಿ ಜೋಡಿಸಿ. ಸಾಸಿವೆ ಡಬ್ಬಿಯ ಎಡಕ್ಕೆ ಮೆಂತ್ಯ ಇದ್ದರೆ ಎಡಕ್ಕೇ. ನಿಮ್ಮ ಕಣ್ಣಿಗೆ ಅದಕ್ಕಿಂತ ಅನುಕೂಲದ ಜಾಗ ಕಂಡರೂ ಬದಲಾಯಿಸಬೇಡಿ. ಅಮ್ಮ ಮೊದಲ ಬೆಳಿಗ್ಗೆ ಎದ್ದು ಯಾರನ್ನೂ ಕೇಳದೆ ಡಿಕಾಕ್ಷನ್ ಹಾಕುವಂತಾಗಬೇಕು. ಬಂದವರಿಗೆ ಕಾಫಿ ಕೊಡುವುದು ಅವರೇ ಆಗಲಿ, ಲೋಟ ಸ್ವಲ್ಪ ನಡುಗಿದರೂ ಪರವಾಗಿಲ್ಲ.

ಮೊದಲ ಒಂದೆರಡು ತಿಂಗಳು ಕಣ್ಣಿಟ್ಟಿರಿ. ಜಾಗ ಬದಲಾದಾಗ ಹಿರಿಯರಿಗೆ ಆಗುವ ಒತ್ತಡವನ್ನು ಶುಶ್ರೂಷಾ ಶಾಸ್ತ್ರದವರು 1992ರಲ್ಲೇ ತಮ್ಮ ರೋಗನಿರ್ಣಯಗಳ ಪಟ್ಟಿಯಲ್ಲಿ ಸೇರಿಸಿದ್ದಾರೆ. ಇದು ಹಟವಲ್ಲ, ನಾಟಕವಲ್ಲ. ನಿದ್ದೆ ಕೆಡುತ್ತದೆ, ಊಟ ಸೇರುವುದಿಲ್ಲ, ಸಂಜೆಯಾದರೆ "ಮನೆಗೆ ಹೋಗೋಣ" ಎನ್ನುತ್ತಾರೆ. "ಇದೇ ನಿಮ್ಮ ಮನೆ" ಎಂದು ವಾದ ಮಾಡಬೇಡಿ, ಆ ಮನೆಯ ಮಾತನ್ನೇ ಕೇಳಿ. ಹಳೇ ಬೀದಿಗೆ ಆಗಾಗ ಕರೆದುಕೊಂಡು ಹೋಗಿ. ನೋಡಿದರೆ ಮನಸ್ಸು ಕೆಡುತ್ತದೆ ಎಂದು ತಡೆಯಬೇಡಿ. ಹಳೇ ಅಂಗಡಿಯಲ್ಲೇ ಕಾಫಿಪುಡಿ ತರಲಿ, ನಂಜುಮಳಿಗೆಯಲ್ಲೇ ಹೂ ಕೊಳ್ಳಲಿ. ಎರಡು ವಾರ ಕಳೆದರೂ ಊಟ ನಿದ್ದೆ ಹಿಡಿತಕ್ಕೆ ಬರದಿದ್ದರೆ ವೈದ್ಯರಿಗೆ ತೋರಿಸಿ. ಇದ್ದಕ್ಕಿದ್ದಂತೆ ಒಂದೆರಡು ದಿನದಲ್ಲೇ ದಿಕ್ಕು ತಪ್ಪಿದಂತೆ ಮಾತಾಡತೊಡಗಿದರೆ ಅದು ಮನೆ ಬದಲಾದುದರಿಂದ ಎಂದು ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಮೂತ್ರದ ಸೋಂಕು, ಲವಣದ ಏರುಪೇರು, ಹೊಸ ಮಾತ್ರೆ, ಹೀಗೆ ಗುಣಪಡಿಸಬಹುದಾದ ಕಾರಣ ಇರಬಹುದು.

ಇನ್ನೊಂದು ವಿಷಯ. ಮಗನ ಮನೆಯಲ್ಲಿರಲಿ, ಮಗಳ ಮನೆಯಲ್ಲಿರಲಿ, ವೃದ್ಧಾಶ್ರಮದಲ್ಲಿರಲಿ, ನಮ್ಮಲ್ಲಿ ಹೇಳಿಕೊಳ್ಳಲಾಗದ್ದನ್ನು ಹೇಳಿಕೊಳ್ಳಲು ಅವರಿಗೊಂದು ಜಾಗ ಬೇಕು. ಹಿರಿಯರ ಸಹಾಯವಾಣಿ 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ, ಕರೆಗೆ ದುಡ್ಡಿಲ್ಲ. ಆ ನಂಬರನ್ನು ಅವರ ಫೋನಿನಲ್ಲೇ ಹಾಕಿಕೊಡಿ, ಒತ್ತುವುದು ಹೇಗೆಂದು ಒಮ್ಮೆ ಅವರ ಕೈಯಿಂದಲೇ ಒತ್ತಿಸಿ ತೋರಿಸಿ.